ಯುಗಾದಿ ದಿನದ ಕಂಬಳಿ

ಮುಗೀತಂತಾ? ಅಷ್ಟೇನಾ? ‘ಯುದ್ಧ ಮುಗಿಯಿತು, ಗುಲಾಮರಿಗೆ ಬಿಡುಗಡೆಯಾಯಿತು’, ಅಷ್ಟೇ ಬರ್ದವ್ರಾ ನಿನ್ ಪುಸ್ತಕದಾಗೆ? ಇನ್ನೊಂದ್ ಸಲ ಓದು ನೋಡಾನ ಪವಿತ್ರಾ, ಗಟ್ಟಿಯಾಗಿ. ಅಮೆರಿಕಾ ದೇಸ, ಒಂದೇ ದೇಸದ ಜನ, ಆಳುಗಳನ್ನ ದನದಂಗೆ ಕಟ್ಟಾಕ್ಕೊಳೋರು ಒಂದು ಕಡೆ, ಅದು ಬ್ಯಾಡ ಅನ್ನೋರು ಒಂದು ಕಡೆ, ಅಣ್ಣ ಆ ಪಡೆ, ತಮ್ಮ ಈ ಪಡೆ, ಒಡೆದಾಡ್ಕೊಂಡ್ರು. ಆಮೇಲೆ ಕಾರಣಗಳು, ಪರಿಣಾಮಗಳು. ಐದು ಮಾರ್ಕಿಂದಾ? ಬಾಳ ಕಮ್ಮಿ ಆಯ್ತಲ್ಲವ್ವ. ಲೇ ಸಂತು, ಆ ಫೋನು ಕೆಳಗಿಡ್ಲಾ, ನೀನೂ ಬಾ ಇಲ್ಲಿ ಜಗಲಿ ಮೇಲೆ ಕೂತ್ಕೋ. ಆಂ, ಅದಲ್ಲ, ಆ ಕಂಬಳಿ ಎಳೀಬ್ಯಾಡ! ಟ್ರಂಕಿನ ಮೇಲಿರೋ ಕಂಬಳಿ ಮುಟ್ಟಬ್ಯಾಡ ಅಂತ ಎಷ್ಟ್ ಸಲ ಬೈದಿಲ್ಲ ನಿಂಗೆ? ಚಾಪೆ ಆಸ್ಕೋ. ನಾನು ಮೂರನೇ ಕ್ಲಾಸು ದಾಟಿದೋನಲ್ಲ, ಅದು ಬ್ಯಾರೆ ಮಾತು. ಆದ್ರೆ ಈ ಪಾಠ ನಂಗೆ ಯಾವ ಮೇಷ್ಟ್ರೂ ಏಳ್ಕೊಡಬೇಕಾಗಿಲ್ಲ. ಗುಲಾಮ ಅಂದ್ರೆ ಇನ್ಯಾರೂ ಅಲ್ಲ ಕಣವ್ವ, ನಮ್ ಬಾಸೇಲಿ ಜೀತದಾಳು. ನಿಮ್ ತಾತ ಜೀತದಾಳು. ಯಾಕಂಗೆ ಬಾಯ್ ಬಿಡ್ತೀಯಾ? ಕೋಲಾರದ ಚಿನ್ನದ ಗಣಿಯಾಗೆ ಆನೆಯಂಗೆ ದುಡ್ದೋನು, ಉರಿಗಾಂ ಕಡೆ ಗಣಿ ಆಳುಗಳ ಲೈನಿನಾಗೆಲ್ಲ ಚಿಕ್ಮುನಿ ಅಂದ್ರೆ ಎದ್ ನಿಲ್ತಿದ್ರು, ಅದೆಲ್ಲ ಆಮೇಲಿನ ಮಾತು. ಅದ್ಕೂ ಮುಂಚೆ ಜೀತ.

ಬಂಗಾರಪೇಟೆ ಕಡೆ ನಮ್ಮೂರಲ್ವಾ, ಅಲ್ಲಿ ದೊಡ್ಮನೆ ಅಂತ ಒಂದು ಮನೆ. ಆ ಮನೆ ಯಜಮಾನನ ತಾವ ನಮ್ ಕೇರಿ ಗಂಡಸ್ರೆಲ್ಲ ಜೀತ. ನಮ್ಮಪ್ಪ ಯಾವತ್ತೋ ಒಂದು ಮದ್ವೆಗೆ ಕೈ ಚಾಚಿದ್ನಂತೆ, ನಮ್ಮಪ್ಪ ಸತ್ತ, ಆ ಸಾಲಕ್ಕೆ ನಮ್ಮಣ್ಣ ದೊಡ್ಮುನಿ ಬಂದ, ನಾನು ಬಂದೆ. ಎಷ್ಟು ಸಾಲ ಅಂತ ನಮ್ಗೂ ಗೊತ್ತಿಲ್ಲ, ಕೇಳೋ ಬಾಯೂ ಇರ್ನಿಲ್ಲ. ಕೊಟ್ಟಿಗೇಲಿ ಮಲಗೋದು, ಕೊಟ್ಟಿಗೇಲೇ ಉಣ್ಣೋದು, ನಮ್ ತಟ್ಟೆ ಕೊಟ್ಟಿಗೆ ಸೂರಿಗೆ ಸಿಗಿಸಿರ್ತಿತ್ತು, ಒಳಗಡೆ ಪಾತ್ರೆ ಜೊತೆ ಸೇರಿಸೋಂಗಿಲ್ಲ. ಗೊತ್ತಾ, ಒಂದ್ ಪದ್ಧತಿ ಇತ್ತು, ಅದನ್ನ ಸರ್ಯಾಗಿ ಕೇಳ್ಕೊಳ್ಳಿ, ಇಲ್ದಿದ್ರೆ ಮುಂದಿಂದು ಅರ್ಥ ಆಗಾಕಿಲ್ಲ. ಯುಗಾದಿಯಿಂದ ಯುಗಾದಿಗೆ ಜೀತ. ಅಬ್ಬದ ದಿನ ನೀರು ಉಯ್ಕೊಂಡು ನಾವೆಲ್ಲ ದೊಡ್ಮನೆ ಅಂಗಳದಾಗೆ ಸಾಲಾಗಿ ನಿಂತ್ಕೋಬೇಕು. ಯಜಮಾನ ಒಬ್ಬೊಬ್ಬನ್ನೇ ಎಸರಿಡಿದು ಕರೀತಿದ್ದ. ಓಗಿ ಎಗಲು ಬಗ್ಗಿಸ್ಬೇಕು. ಎಗಲ ಮೇಲೆ ಒಂದು ಒಸ ಕಂಬಳಿ ಆಕ್ತಿದ್ದ, ಕೈಗೆ ಎಲೆ ಅಡಿಕೆ. ಅಷ್ಟೇ. ಕಂಬಳಿ ಎಗಲಿಗೆ ಬಿತ್ತು ಅಂದ್ರೆ ಮುಂದಿನ ಯುಗಾದಿ ಗಂಟ ನೀನು ಅವನಾಳು. ರುಜು ಇಲ್ಲ, ಏನಿಲ್ಲ. ನಗ್ನಗ್ತಾ ಆಕ್ತಿದ್ದ ಕಣವ್ವ, ಮಗಂಗೆ ಒದಿಸ್ದಂಗೆ. ನಾವೂ ಅಲ್ಲು ಕಿರೀತಿದ್ವಿ. ಚಳೀಲಿ ಬೆಚ್ಚಗಿರ್ತದಲ್ಲ.

ಇನ್ನ ನಮ್ಮಣ್ಣ. ನನಗಿಂತ ದೊಡ್ಡೋನು, ಆದ್ರೆ ನನ್ನಷ್ಟು ಎತ್ತರ ಇರ್ನಿಲ್ಲ, ನನ್ನಷ್ಟು ಜೋರೂ ಇರ್ನಿಲ್ಲ. ಮಾತೇ ಕಮ್ಮಿ. ಅವನಿಗೆ ಇದ್ದಿದ್ದು ಒಂದೇ, ಎತ್ತು. ದೊಡ್ಮನೇಲಿ ಒಂದು ಅಸು ಕರು ಆಕಿ ಸತ್ತೋಯ್ತು, ಅದ್ರ ಇಂದೇನೇ ಇನ್ನೊಂದ್ ಅಸು ಕರೂಗೆ ಆಲು ಕೊಡದಂಗಾಯ್ತು. ಎರಡೂ ಗಂಡು ಕರು. ಇವನು ತನ್ನ ಗಂಜಿ ಬೆರಳಲ್ಲಿ ಅದ್ದಿ ಅದ್ದಿ ಅವಕ್ಕೆ ಚೀಪಿಸಿ ಬೆಳೆಸ್ದ. ಒಂದ್ರ ಎಸರು ಮೈಲ, ಇನ್ನೊಂದ್ರದು ಕೆಂದ. ಜೊತೆಯಾದ್ಮೇಲೆ ನೋಡ್ಬೇಕಿತ್ತು, ಆ ಸುತ್ಮುತ್ಲಲ್ಲಿ ಅಂತ ಎತ್ತು ಇರ್ನಿಲ್ಲ. ಬ್ಯಾರೆಯೋರು ಉಲ್ಲು ಆಕಿದ್ರೆ ಮೂಸೀನೂ ನೋಡ್ತಿರ್ನಿಲ್ಲ. ನಾನಾಕಿದ್ರೂ ಇಲ್ಲ ಅಂತೀನಿ! ನಮ್ಮಣ್ಣ ಕೆಮ್ಮಿದ್ರೆ ಸಾಕು ಎರಡೂ ಕತ್ತೆತ್ತೋವು. ಸರಿ, ಎಲ್ಲಿದ್ದೆ? ಆಂ, ಯುಗಾದಿ.

ಒಂದ್ ವರ್ಸ ಕೋಲಾರದ ಕಡೆಯಿಂದ ಓದ್ಕೊಂಡಿರೋ ನಮ್ ಜನದ ಉಡುಗ್ರು ಬಂದು ಕೇರೀಲಿ ಉಣಸೆಮರದ ಕೆಳಗೆ ಕೂತು ಮಾತಾಡಿದ್ರು. ಜೀತ ತಪ್ಪು, ಕಂಬಳಿ ತಗೋಬ್ಯಾಡ್ರಿ, ಒಬ್ರೂ ತಗೋಬ್ಯಾಡ್ರಿ, ಒಬ್ರು ತಗೊಂಡ್ರೆ ಎಲ್ಲಾರ್ನೂ ಮುರೀತಾರೆ ಅಂತ. ಎಲ್ರೂ ಮಣ್ಣು ಮುಟ್ಟಿ ಆಣೆ ಆಕಿದ್ರು. ಮೊದ್ಲು ಮಣ್ಣು ಮುಟ್ಟಿದ್ದು ಯಾರು? ನಾನು. ಬೇಕಾದ್ರೆ ನಮ್ಮೂರಿಗೋಗಿ ಕೇಳು. ನಮ್ಮಣ್ಣಾನೂ ಮುಟ್ದ. ಅಬ್ಬದ ಬೆಳಗ್ಗೆ ಅಂಗಳದಾಗೆ ನಿಂತ್ವಿ, ಕೈ ಕಟ್ಕೊಂಡು. ಯಜಮಾನ ಕರೀತಾನೆ, ಒಬ್ರೂ ಅಳ್ಳಾಡಲ್ಲ. ‘ಏನ್ರೋ, ಕಿವಿ ಕೇಳಲ್ವಾ?’ ಅಂದ. ನಾನು ಮುಂದಕ್ ಓಗಿ, ‘ಕೇಳ್ತದೆ ಯಜಮಾನ್ರೆ, ಎಗಲು ಬಗ್ತಾ ಇಲ್ಲ’ ಅಂದೆ. ಅಂಗೇ ಅಂದೆ! ಮೀಸೆ ಬಂದಿರ್ನಿಲ್ಲ ಇನ್ನ ಸರ್ಯಾಗಿ. ಅವನ ಮಕ ಕರ್ರಗಾಯ್ತು. ಆದ್ರೆ ಪಾಕಡ ಮುದುಕ ಅವನು, ನನ್ನ ನೋಡ್ನೇ ಇಲ್ಲ. ನಮ್ಮಣ್ಣನ ಕಡೆ ತಿರುಗಿ ಮೆತ್ತಗೆ, ‘ದೊಡ್ಮುನೀ, ನೀನೂ ಒಂಟ್ಯಾ? ಓಗಪ್ಪ. ನೀನಿಲ್ದಿದ್ಮೇಲೆ ಆ ಎತ್ತು ನಂಗ್ಯಾಕೆ? ನಾಳೆ ಕಟುಕರಿಗೆ ಒಡಕೊಂಡೋಗಿ ಕೊಡ್ತೀನಿ’ ಅಂದ. ಅಷ್ಟರಾಗೆ ಕೊಟ್ಟಿಗೇಲಿ ಕೆಂದ ಒಂದ್ ಸಲ ಅಂಬಾ ಅಂತು. ನಮ್ಮಣ್ಣ ನನ್ನ ಮಕ ನೋಡ್ದ. ನಾನು ಬ್ಯಾಡ ಅಂತ ತಲೆ ಆಡಿಸ್ದೆ. ಓಗಿ ಎಗಲು ಬಗ್ಗಿಸ್ಬುಟ್ಟ.

ಎಲ್ಲಾರ್ಗಿಂತ ಎದೆ ಒಡೆದಿದ್ದು ನಂಗೆ. ಅಲ್ಲಿಂದಾಚೆ ಶುರುವಾಯ್ತು ನೋಡು ನಮ್ ಯುದ್ದ. ದೊಡ್ಮನೆಯೋರು ನಮ್ಗೆ ಬಾವಿ ದಾರಿ ಮುಚ್ಚಿದ್ರು, ಮಿಷನ್ನಾಗೆ ರಾಗಿ ಬೀಸಬ್ಯಾಡ್ರಿ ಅಂದ್ರು, ಅಂಗಡಿಯೋನು ಬೆಂಕಿಪೊಟ್ಣ ಕೊಡಲ್ಲ. ನಮ್ ಉಡುಗ್ರು ರಕ್ತ ಕುದ್ದು, ಅವನ ದನ ಎಲ್ಲ ಬಿಚ್ಚಿ ಅವನ ರೇಷ್ಮೆಸೊಪ್ಪಿನ ತೋಟಕ್ಕೇ ನುಗ್ಗಿಸಾನ ಅಂತ ಒಂಟ್ರು. ಮುಂದಾಳು ಯಾರು? ನಾನೇ ಮತ್ತೆ. ಆ ಕಡೆಯಿಂದ ಅವರ ನೆಂಟ್ರು ದೊಣ್ಣೆ ತಗೊಂಡು ಬಂದ್ರು, ಕಲ್ಲು ಬಿತ್ತು, ಅಂಚು ಒಡೀತು, ಎಂಗಸ್ರು ಕಿರುಚ್ತಾವ್ರೆ. ನಾನು ಸಂದೀಲಿ ನುಗ್ಗಿ ಕೊಟ್ಟಿಗೆ ಬಾಗಿಲಿಗೆ ಓದ್ರೆ, ಅಲ್ಲಿ ಯಾರು ನಿಂತವ್ರೆ? ನಮ್ಮಣ್ಣ. ಕೈಯಾಗೆ ಬಾರುಕೋಲು. ‘ಚಿಕ್ಕಾ, ಎತ್ತಿನ ತಂಟೆಗೆ ಬರ್ಬ್ಯಾಡ ಕಣ್ಲಾ’ ಅಂದ. ‘ಎತ್ತು ನಿಂದಾ? ಯಜಮಾನಂದು’ ಅಂದೆ. ‘ಯಜಮಾನಂಗೆ ಅವುಗಳ ಎಸರೂ ಗೊತ್ತಿಲ್ಲ. ಯಾರ್ದು ಅಂತ ಅವನ್ನೇ ಕೇಳು.’ ‘ಮಣ್ಣು ಮುಟ್ಟಿ ಆಣೆ ಆಕಿದ್ಯಲ್ಲೋ, ನಾಚ್ಕೆ ಆಗಲ್ವಾ?’ ಅಂತ ಅವನ್ನ ತಳ್ಳಿ ಒಳಗೆ ನುಗ್ದೆ. ಇಂದ್ಗಡೆಯಿಂದ ಬಿತ್ತು ನೋಡು ಏಟು. ಬಾರುಕೋಲಿನ ಬುಡದಾಗೆ. ಪವಿತ್ರಾ, ಇಲ್ಲಿ ಬೆರಳಿಡು, ಕೂದಲ ಸಂದೀಲಿ, ಸಿಕ್ತಾ ತಗ್ಗು? ‘ಅದು ಗಣಿಯಾಗೆ ಕಲ್ಲು ಬಿದ್ದಿದ್ದು ಅಂದಿದ್ಯಲ್ಲ ತಾತ?’ ಅಂತೀಯಾ? ಕಲ್ಲೂ ಇಲ್ಲ ಮಣ್ಣೂ ಇಲ್ಲ. ಗಣಿಯಾಗೆ ನನ್ನ ಮೇಲೆ ಕಲ್ಲು ಬೀಳೋದಾ? ನಾನೇನು ಅಂತ ಕೆಲಸ ಬರದೋನಾ? ಅದು ನಮ್ಮಣ್ಣ ಒಡದಿದ್ದು.

ಪೋಲೀಸ್ ವ್ಯಾನು ಬಂತು, ಎರಡೂ ಕಡೆಯೋರ್ನ ತುಂಬ್ಕೊಂಡೋಯ್ತು, ಬಿಡ್ತು. ಆಮೇಲೆ ಕೇರಿಯೋರು ಮತ್ತೆ ಉಣಸೆಮರದ ಕೆಳಗೆ ಸೇರಿ ಕಟ್ಟು ಮಾಡಿದ್ರು: ದೊಡ್ಮುನಿಗೆ ಬೆಂಕಿ ಕೊಡಂಗಿಲ್ಲ, ನೀರು ಕೊಡಂಗಿಲ್ಲ, ಅವನ ಕೈಲಿ ಏನೂ ತಗೊಂಡು ತಿನ್ನಂಗಿಲ್ಲ. ‘ಒಡಹುಟ್ಟಿದೋನು, ನೀನೇನಂತೀಯೋ?’ ಅಂತ ನನ್ನೇ ಕೇಳಿದ್ರು. ತಲೇಗೆ ಬಟ್ಟೆ ಸುತ್ಕೊಂಡಿದ್ದೆ, ರಕ್ತ ಇನ್ನ ಆರಿರ್ನಿಲ್ಲ. ಎಲ್ಲಾರ್ಗಿಂತ ಮುಂಚೆ ಕೈ ಎತ್ದೆ. ಇವತ್ತು ಕೇಳಿದ್ರೂ ಎತ್ತೀನಿ. ಊರು ಒಂದಾಗಿ ನಿಂತಿರೋವಾಗ ಒಬ್ಬ ಬಗ್ಗಿದ್ರೆ ಎಂಗೆ? ನೀವೇ ಏಳಿ. ಅವನು ಕೊಟ್ಟಿಗೇಲೇ ಉಳ್ಕೊಂಡ, ಎತ್ತಿನ ಜೊತೆ. ಕೇರಿ ಮುಂದೆ ಗಾಡಿ ಒಡಕೊಂಡು ಓಗೋವಾಗ ಮಕ್ಕಳು ಸೈತ ಮಕ ತಿರುಗಿಸ್ಕೊಳೋವು. ಗಾಡಿ ಗಂಟೆ ಸದ್ದು ಕೇಳಿದ್ರೆ ನಾನು ಒಳಗೋಗಿ ಬಾಗ್ಲು ಆಕ್ಕೊತಿದ್ದೆ. ಆಕ್ಕೊಂಡು ಸಂದೀಲಿ ನೋಡ್ತಿದ್ದೆ, ಅದಿರ್ಲಿ.

ಆಮೇಲೆ ಕಾಯ್ದೆ ಬಂತು, ದೇಸಕ್ಕೆಲ್ಲ. ಜೀಪಿನಾಗೆ ಆಫೀಸರು ಬಂದು, ಜೀತ ರದ್ದು, ಸಾಲ ರದ್ದು ಅಂದ್ರು. ದೊಡ್ಮನೆ ಯಜಮಾನ ತಲೆ ಬಗ್ಗಿಸ್ಕೊಂಡು ನಿಂತಿದ್ದ, ನನ್ ಕಣ್ಣು ತಂಪಾಯ್ತು. ಗೆದ್ವಿ ಅಂತ ಕೇರೀಲಿ ತಮಟೆ ಬಡಿದ್ವಿ. ಅಷ್ಟೇ ನಿನ್ ಪುಸ್ತಕದಾಗೆ ಇರೋದು. ಇಲ್ಲಿಂದಾಚೆ ಇಲ್ಲ. ಯಜಮಾನ ಮಾರನೇ ವಾರಾನೇ ಆ ಎತ್ತು ಬಂಗಾರಪೇಟೆ ಸಂತೇಲಿ ಮಾರ್ದ. ಯಾತಕ್ಕೋಸ್ಕರ ಬಗ್ಗಿದ್ನೋ ಅದನ್ನೇ ಮಾರ್ದ! ಪುಣ್ಯಕ್ಕೆ ಕಟುಕ್ರಿಗಲ್ಲ, ಟೇಸನ್ನಿನಿಂದ ಮೂಟೆ ಸಾಗಿಸೋ ಗಾಡಿಯೋನೊಬ್ಬ ತಗೊಂಡ. ನಮ್ಮಣ್ಣ ಸಂತೆ ಗಂಟ ಇಂದೇನೇ ನಡ್ಕೊಂಡು ಓಗವ್ನೆ. ಗಾಡಿಯೋನು ಉಲ್ಲು ಆಕಿದ್ರೆ ಎತ್ತು ಮೂಸ್ನಿಲ್ಲ. ಇವನು ಆಕ್ದ, ತಿಂದ್ವು. ‘ಸರಿ, ನೀನೂ ಬಾರಯ್ಯ’ ಅಂದ್ನಂತೆ ಗಾಡಿಯೋನು. ಅಷ್ಟೇ. ಎತ್ತಿನ ಇಂದೆ ಓದೋನು ಮತ್ತೆ ಊರಿಗೆ ಬರ್ನಿಲ್ಲ. ಟೇಸನ್ ಇಂದ್ಗಡೆ ಒಂದು ಶೀಟಿನ ಗುಡಿಸಲು ಆಕ್ಕೊಂಡ. ಮದ್ವೆ ಇಲ್ಲ, ಮಕ್ಕಳಿಲ್ಲ.

ನಾನು ಗಣಿಗೆ ಸೇರ್ದೆ. ಕೇಜು ಅಂತಾರೆ, ಆ ಕಬ್ಬಿಣದ ಪಂಜರದಾಗೆ ಭೂಮಿ ಒಳಗೆ ಇಳೀತಿದ್ರೆ ಕಿವಿ ಗುಂಯ್ ಅನ್ನೋದು, ದೊಡ್ ದೊಡ್ ಪೈಲ್ವಾನ್ರು ಉಚ್ಚೆ ಉಯ್ಕೊಂಡವ್ರೆ, ನಾನು ಬೀಡಿ ಕೇಳ್ತಿದ್ದೆ ಪಕ್ಕದೋನ್ನ, ಬೆಂಕಿ ಅಚ್ಚಂಗಿಲ್ಲ ಅಂತ ಬೈಸ್ಕೊತಿದ್ದೆ. ಮೊದಲ್ನೇ ಸಂಬಳ ಬಂತು. ನನ್ನ ಕೈಯಾಗೆ, ನನ್ನ ದುಡಿಮೇದು. ಸೀದಾ ರಾಬರ್ಟ್‌ಸನ್‌ಪೇಟೆಗೆ ಓಗಿ ಒಳ್ಳೇದು ನೋಡಿ ಒಂದು ಕಂಬಳಿ ತಗೊಂಡೆ. ನಂಗಲ್ಲ. ಸಿಟ್ಟು ಒಂದ್ ಕಡೆ, ಆದ್ರೆ ಶೀಟಿನ ಗುಡಿಸಲಾಗೆ ಚಳಿ ಅಲ್ವಾ? ಅಬ್ಬಕ್ಕೆ ರಜ ಇತ್ತು, ಅವತ್ತೇ ಮಾರಿಕುಪ್ಪಂ ಟ್ರೈನು ಇಡ್ಕೊಂಡು ಬಂಗಾರಪೇಟೆಗೆ ಓದೆ. ಯುಗಾದಿ ಅಬ್ಬ. ನಗ್ತೀಯಾ ಪವಿತ್ರಾ? ನಗು. ನಂಗೆ ಒಳೀನೇ ಇಲ್ಲ ನೋಡು, ರಜ ಅಂತ ಓದೆ ಅಷ್ಟೇ.

ನಮ್ಮಣ್ಣ ಮೈಲನ್ನ ತಿಕ್ತಾ ನಿಂತಿದ್ದ. ನನ್ನ ನೋಡ್ದ. ನೋಡಿ, ಮೊದ್ಲು ಕಣ್ಣು ತಲೆ ಮೇಲಿನ ಗಾಯಕ್ಕೆ ಓಯ್ತು. ‘ವಾಸಿ ಆಯ್ತೇನ್ಲಾ?’ ಅಂದ. ‘ಅಂತ ಏಟು ಎಷ್ಟ್ ಬಿದ್ದಿಲ್ಲ ನಂಗೆ’ ಅಂದೆ. ಕಂಬಳಿ ಬಿಚ್ಚಿ ಅವನ ಎಗಲ ಮೇಲೆ ಆಕಕ್ಕೆ ಕೈ ಎತ್ತಿದೆ ನೋಡು, ಬೆಂಕಿ ಬಿದ್ದಂಗೆ ಇಂದಕ್ ಆರ್ದ.

‘ಇವತ್ತು ಯಾವ್ ಅಬ್ಬ?’ ಅಂದ.

‘ಯುಗಾದಿ.’

‘ಯುಗಾದಿ ದಿನ ಕಂಬಳಿ ಎಗಲಿಗೆ ಆಕಿಸ್ಕೊಂಡೋನು ಏನಾಯ್ತಾನ್ಲಾ?’

‘ನಾನೇನು ಯಜಮಾನನೇನಣ್ಣ? ಪಿರೂತಿಗೆ ತಂದಿದ್ದು.’

‘ಅವನೂ ನಗ್ನಗ್ತಾನೇ ಆಕ್ತಿದ್ದ’ ಅಂದ. ‘ನನ್ ಎಗಲು ಇನ್ಯಾರಿಗೂ ಬಗ್ಸಲ್ಲ ಚಿಕ್ಕಾ. ಎತ್ತಿಗೋಸ್ಕರ ಒಂದ್ ಸಲ ಬಗ್ಸಿದ್ದೆ, ಸಾಕು.’

ಅವನು ಕೈ ತೊಳ್ಕೊಂಡು ಬಂದ, ಒಲೆ ಮೇಲಿಂದ ಮಡಕೆ ಇಳಿಸ್ದ. ‘ಕಂಬಳಿ ಅಲ್ಲಿಟ್ಬಿಟ್ಟು ಕೂತ್ಕೋ. ಮುದ್ದೆ ಐತೆ, ಸೊಪ್ಪಿನ ಸಾರೈತೆ. ಉಂಡು ಓಗು’ ಅಂದ. ಘಮ್ ಅಂತಿತ್ತು ಕಣವ್ವ, ನಮ್ಮವ್ವ ಮಾಡೋ ಬಸ್ಸಾರು ವಾಸ್ನೆ. ಬೆಳಗ್ಗೆಯಿಂದ ಒಟ್ಟೇಲಿ ಏನೂ ಇರ್ನಿಲ್ಲ. ಆದ್ರೆ ಕೇರಿ ಕಟ್ಟು ಐತಲ್ಲ? ಅವನ ಕೈಲಿ ತಗೊಂಡು ತಿನ್ನಂಗಿಲ್ಲ ಅಂತ ನಾನೇ ಕೈ ಎತ್ತಿದ್ದೀನಿ. ಮಾತು ಅಂದ್ರೆ ಮಾತು. ‘ನಿನ್ ಮನೇಲಿ ನೀರೂ ಮುಟ್ಟಲ್ಲ. ತಪ್ಪಾಯ್ತು ಅಂತ ಕೇರೀಗೆ ಬಂದು ಏಳು, ಆಮೇಲೆ ನೋಡಾನ’ ಅಂದೆ. ಅವನು ಮಡಕೆ ಮತ್ತೆ ಒಲೆ ಮೇಲಿಟ್ಟ. ‘ಅಂಗಾರೆ ಓಗು’ ಅಂದ. ಎದ್ದು ಬಂದೆ. ಕಂಬಳಿ ಕಂಕುಳಾಗೆ ಇಟ್ಕೊಂಡು ಬಿಸಿಲಾಗೆ ಪ್ಲಾಟ್‌ಫಾರಂ ಮೇಲೆ ಕೂತಿದ್ದೆ, ನೋಡ್ದೋರು ಹುಚ್ಚ ಅಂದ್ಕೊಂಡಿರ್ಬೇಕು.

ಅಲ್ಲಿಂದಾಚೆ ಮಾತಿಲ್ಲ. ಎಷ್ಟೋ ವರ್ಸ. ನಿಮ್ಮಪ್ಪ ಉಟ್ದ, ದೊಡ್ಡೋನಾದ, ನಿಮ್ಮಪ್ಪನ ಮದ್ವೆಗೂ ಕರೀನಿಲ್ಲ. ನಿಮ್ಮಜ್ಜಿ ಗಂಗಮ್ಮ ಕೇಳೋಳು, ‘ಬಾವನ್ನ ಕರೀಬಾರ್ದಾ?’ ಅಂತ. ‘ನೀನು ಬ್ಯಾರೆ ಊರಿಂದ ಬಂದೋಳು, ಸುಮ್ಕಿರು’ ಅಂತಿದ್ದೆ. ಆದ್ರೆ ಒಂದು ಏಳ್ತೀನಿ ಕೇಳ್ರಿ. ಆ ಕಟ್ಟು ಮಾಡಿದ ಕೇರಿಯೋರು ಏನಾದ್ರು ಗೊತ್ತಾ? ಅರ್ಧ ಜನ ಸತ್ರು. ಮಿಕ್ಕೋರು ಎಲೆಕ್ಷನ್ನಿನಾಗೆ ಅದೇ ಯಜಮಾನನ ಮಗನ ಇಂದೆ ಓಟು ಕೇಳ್ಕೊಂಡು ತಿರುಗುದ್ರು, ಅವನ ಮನೇಲಿ ಬಿರಿಯಾನಿ ತಿಂದ್ರು. ಒಬ್ಬನ್ನ ಇಡ್ಕೊಂಡು, ‘ಕಟ್ಟು ಏನಾಯ್ತಯ್ಯ?’ ಅಂದ್ರೆ, ‘ಯಾವ್ ಕಟ್ಟು?’ ಅಂತಾನೆ! ಎಲ್ಲಾರ್ಗೂ ಯುದ್ದ ಮುಗ್ದೋಗಿತ್ತು. ನಮ್ಮಿಬ್ರಿಗೆ ಮಾತ್ರ ಮುಗೀತು ಅಂತ ಯಾರೂ ಬಂದು ಏಳ್ನಿಲ್ಲ.

ಗಣಿ ಮುಚ್ಚುದ್ರು. ಅದ್ರ ಕತೆ ಬ್ಯಾಡ, ಬಾಯಿ ಕಯ್ಯಾಯ್ತದೆ. ನಾನು ಬೆಂಗಳೂರಾಗೆ ವಾಚ್‌ಮನ್ ಕೆಲಸಕ್ಕೆ ಓಗ್ತಿದ್ದೆ, ಬೆಳಗಿನ ಟ್ರೈನಾಗೆ. ಬಂಗಾರಪೇಟೇಲಿ ನಿಲ್ತದಲ್ಲ, ಕಿಟಕಿ ನೇರಕ್ಕೆ ಒಂದು ಕಲ್ಲು ಬೆಂಚು. ಅದ್ರ ಮೇಲೆ ಕೂತಿರ್ತಿದ್ದ. ಎತ್ತು ಸತ್ತು ಎಷ್ಟೋ ಕಾಲ ಆಗಿತ್ತು, ಅವನಿಗೆ ಅಲ್ಲಿ ಏನೂ ಕೆಲಸ ಇಲ್ಲ, ಆದ್ರೂ ಕೂತಿರ್ತಿದ್ದ. ನಾನು ಕೂತಿರೋ ಡಬ್ಬಿ ಯಾವ್ದು ಅಂತ ಅವನಿಗೆ ಗೊತ್ತು. ಅವನು ನೋಡ್ತಾನೆ, ನಾನು ನೋಡ್ತೀನಿ. ಅವನ ಕೂದ್ಲು ಬೆಳ್ಳಗಾಗಿದ್ದು ನಾನು ನೋಡ್ದೆ, ನನ್ನ ಅಲ್ಲು ಬಿದ್ದಿದ್ದು ಅವನು ನೋಡ್ದ. ಟ್ರೈನು ಕೂಗ್ತದೆ, ಓಯ್ತದೆ. ಡಬ್ಬಿ ತುಂಬ ಜನ, ನಮ್ ಲೈನಿನೋರೇ, ತಮಿಳು, ಕನ್ನಡ, ತೆಲುಗು, ಗಲಗಲ ಅಂತಿರ್ತಾರೆ, ಇಸ್ಪೀಟು ಆಡ್ತಾರೆ. ಆ ಗದ್ದಲದಾಗೆ ಕೂತ್ಕೊಂಡು ನಾನೊಬ್ಬನೇ ಇದೀನಿ ಅನ್ಸೋದು. ಗಣಿ ಒಳಗೆ ಕತ್ಲಾಗೂ ಅಂಗೆ ಅನ್ಸಿರ್ನಿಲ್ಲ. ಒಂದಿನ ಬೆಂಚು ಖಾಲಿ. ಮಾರನೇ ದಿನಾನೂ ಖಾಲಿ. ನಾನು ಇಳೀನಿಲ್ಲ. ಡ್ಯೂಟಿ ಇತ್ತಲ್ಲ. ಸಾಯಂಕಾಲ ಮನೆಗ್ ಬಂದ್ರೆ ನಿಮ್ಮಜ್ಜಿ ಬಾಗಿಲಾಗೆ ಅಳ್ತಾ ನಿಂತವ್ಳೆ. ‘ಬಾವ ಓಗ್ಬುಟ್ರಂತೆ.’

ಟ್ರಂಕಿನಿಂದ ಆ ಕಂಬಳಿ ತೆಗ್ದೆ. ಅದೇ, ಅಲ್ಲೈತಲ್ಲ ಅದೇ. ಒಂದಿನಾನೂ ಯಾರೂ ಒದ್ಕೊಂಡಿರ್ನಿಲ್ಲ. ಇಬ್ರೂ ಓದ್ವಿ. ಶೀಟಿನ ಗುಡಿಸಲು, ಮುಂದೆ ಮಲಗಿಸವ್ರೆ. ಗುರ್ತೇ ಸಿಗ್ದಂಗೆ ಸಣ್ಣಗಾಗಿದ್ದ. ಕಂಬಳಿ ಬಿಚ್ಚಿ ಒದಿಸೋಣ ಅಂತ ಬಗ್ಗುದ್ನಾ, ಕೈ ಮುಂದಕ್ಕೇ ಬರ್ನಿಲ್ಲ. ಉಸ್ರು ಇರೋವಾಗ ಒಲ್ಲೆ ಅಂದೋನು. ಈಗ ಬ್ಯಾಡ ಅನ್ನಕ್ಕಾಗಲ್ಲ ಅಂತ ಎಗಲಿಗೆ ಆಕ್ಬುಟ್ರೆ, ನಂಗೂ ಆ ಯಜಮಾನಂಗೂ ಏನ್ ಯತ್ವಾಸ? ಮಡಿಸ್ಕೊಂಡು ಕಂಕುಳಾಗೆ ಇಟ್ಕೊಂಡೆ. ಆವಾಗ ಪಕ್ಕದ ಟೀ ಅಂಗಡಿ ಮುದುಕಿ ಬಂದು ನಿಮ್ಮಜ್ಜೀನ ತಬ್ಬಿಕೊಂಡ್ಳು. ನನ್ನ ಅಲ್ಲ, ನಿಮ್ಮಜ್ಜೀನ! ‘ಬಾ ಗಂಗಮ್ಮ, ಓದ್ ಸಂತೇಲೂ ನಿನ್ನ ಕೇಳ್ತಿದ್ದ, ಬರ್ನಿಲ್ವಲ್ಲ ಅಂತ. ನೋಡು, ನಿನ್ ತಟ್ಟೆ ಅಲ್ಲೇ ಐತೆ’ ಅಂದ್ಳು.

ಒಳಗೆ ನೋಡಿದ್ರೆ ಗೂಡಿನಾಗೆ ಎರಡು ತಟ್ಟೆ, ತೊಳೆದು ಬೋರಲಾಕಿ, ಒಂದ್ರ ಪಕ್ಕ ಒಂದು. ಈಗ ನೆನಪಾಯ್ತದೆ, ಬಂಗಾರಪೇಟೆ ಸಂತೆಗೆ ಓಗಿದ್ದ ದಿನ ಮಾತ್ರ ನಿಮ್ಮಜ್ಜಿ ಮನೆಗೆ ಬಂದು, ‘ನಂಗೆ ಅಸಿವಿಲ್ಲ, ನೀನುಣ್ಣು’ ಅಂತಿದ್ಲು. ಬಿಸಿಲಿಗೆ ಅಂಗಾಯ್ತದೆ ಅಂದ್ಕೊಂಡಿದ್ದೆ ನಾನು, ದಡ್ಡ ಮುಂಡೇದು! ಮಣ್ಣು ಮಾಡಿ ಬರೋವಾಗ ಟ್ರೈನಾಗೆ ಕೂಗಾಡ್ದೆ, ‘ನನ್ನ ಮಾತು ಮುರ್ದು ಅವನ ಮನೇಲಿ ಉಂಡಿದೀಯಾ? ನಾನು ಕಂಬಳಿ ತಗೊಂಡೋದ್ರೆ ಒಲ್ಲೆ ಅಂದೋನು, ನಿನ್ನ ಎಂಗೆ ಸೇರಿಸ್ಕೊಂಡ?’ ಅಂತ. ಅವಳು ಕಿಟಕಿ ಆಚೆ ಆ ಬೆಂಚೇ ನೋಡ್ತಿದ್ಲು. ಮೆತ್ತಗಂದ್ಳು, ‘ನೀನು ಕೊಡೋಕೆ ಓದೆ. ನಾನು ಬಾಗಿಲಾಗೆ ನಿಂತು, ಬಾವ, ಬಿಸಿಲಾಗೆ ನಡ್ದು ಅಸಿವಾಗೈತೆ, ಏನಾದ್ರೂ ಇದ್ರೆ ಇಕ್ಕು ಅಂದೆ. ಅತ್ಕೊಂಡು ಇಕ್ಕಿದ್ರು. ನೀನೂ ಒಂದಿನ ಬರಿಗೈಲಿ ಓಗಿದ್ರೆ ಅಲ್ಲಿ ಮೂರು ತಟ್ಟೆ ಇರ್ತಿತ್ತು.’

ನಿಮ್ಮಜ್ಜೀನೂ ಓದ್ಳು ಈಗ. ಮೈಲ, ಕೆಂದ ಅಂದ್ರೆ ಯಾರು ಅಂತ ಗೊತ್ತಿರೋರು ಈ ಭೂಮಿ ಮೇಲೆ ನಾನೊಬ್ಬನೇ. ಬರ್ಕೋ ಪವಿತ್ರಾ, ಪರಿಣಾಮ ಅಂತ ಬರ್ಕೋ, ಮಾರ್ಕು ಕೊಟ್ರೆ ಕೊಡ್ಲಿ ಬಿಟ್ರೆ ಬಿಡ್ಲಿ. ನೀವಿಬ್ರೂ ನಾಳೆ ದೊಡ್ಡೋರಾಯ್ತೀರಾ, ಜಗಳ ಆಡ್ತೀರಾ, ಆಡೇ ಆಡ್ತೀರಾ, ನನ್ ರಕ್ತ ಅಲ್ವಾ. ರಾಜಿ ಮಾಡ್ಕೊಳೋಕೆ ಓಗೋವಾಗ ಏನೂ ಎತ್ಕೊಂಡೋಗಬ್ಯಾಡ್ರಿ. ಅಸ್ಕೊಂಡು ಓಗ್ರಿ, ಇಕ್ಕು ಅಂತ ಕೇಳ್ರಿ. ಅಷ್ಟೇ ಕಣ್ಲಾ, ಎದ್ದೇಳಿ. ಒಳಗೋಗಿ ಮುದ್ದೆ ಇಕ್ಕವ್ವ, ಅಸಿವಾಯ್ತದೆ ನಂಗೆ.